ತೂಕ ಕೇಳಿದರೆ ಕತೆ ಹೇಳುತ್ತಾರೆ

ವಿದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರಿಗೆ ಸ್ಪೇನಿನ ಹಳೆಯ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸುವ ಹವ್ಯಾಸ ಹತ್ತಿದೆ. ಹವ್ಯಾಸವೇನೋ ಒಳ್ಳೆಯದೇ. ಆದರೆ ಅವರು ತೆತ್ತ ಬೆಲೆಗಳನ್ನೂ, ಆ ಬೆಲೆಗಳಿಗೆ ವ್ಯಾಪಾರಿಗಳು ಕೊಟ್ಟ ಸಮರ್ಥನೆಗಳನ್ನೂ ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದಾಗದು. "ಇನ್ನೂರು ವರ್ಷ ಹಳೆಯದು, ಕಡಲ ತಳದಿಂದ ಎತ್ತಿದ್ದು" ಎಂಬುದು ಬೆಲೆಗೆ ಕಾರಣವೇ ಅಲ್ಲ.

ಮೂರನೆಯ ಕಾರ್ಲೋಸ್ ದೊರೆಯ ಮುಖವಿರುವ, ಮೆಕ್ಸಿಕೋ ಟಂಕಸಾಲೆಯ ಎಂಟು ರೆಯಾಲ್ ನಾಣ್ಯವನ್ನೇ ತೆಗೆದುಕೊಳ್ಳಿ. ತೂಕ ಸುಮಾರು 27 ಗ್ರಾಂ. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು, ಎಂದರೆ 24 ಗ್ರಾಮಿಗೆ ತುಸು ಮೇಲ್ಪಟ್ಟು, ಶುದ್ಧ ಬೆಳ್ಳಿ. ಅಂದಂದಿನ ಬೆಳ್ಳಿಯ ದರದಿಂದ ಇದನ್ನು ಗುಣಿಸಿದರೆ ಬೆಲೆಯ ತಳಪಾಯ ಸಿಗುತ್ತದೆ. ಅದರ ಮೇಲೆ ಕೇಳುವ ಪ್ರತಿಯೊಂದು ಕಾಸಿಗೂ ವ್ಯಾಪಾರಿ ಲೆಕ್ಕ ಕೊಡಬೇಕು.

ವಯಸ್ಸು ಆ ಲೆಕ್ಕಕ್ಕೆ ಸಲ್ಲದು. ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೆಕ್ಸಿಕೋ ಟಂಕಸಾಲೆಯೊಂದೇ ವರ್ಷಕ್ಕೆ ಒಂದು ಕೋಟಿ ಪೆಸೊಗೂ ಮಿಕ್ಕಿ ಬೆಳ್ಳಿಯನ್ನು ಟಂಕಿಸುತ್ತಿತ್ತು. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 1857ರವರೆಗೂ ಈ ನಾಣ್ಯಗಳಿಗೆ ಕಾನೂನಿನ ಮಾನ್ಯತೆಯಿತ್ತು. ಇಂಥದ್ದನ್ನು ಅಪರೂಪವೆಂದು ಹೇಗೆ ಕರೆಯೋಣ? 1732ರಿಂದ 1772ರವರೆಗಿನ, ಎರಡು ಕಂಬಗಳ ನಡುವೆ ಎರಡು ಭೂಗೋಳಗಳಿರುವ ನಾಣ್ಯದಲ್ಲಿ ಇದಕ್ಕಿಂತ ಅರ್ಧ ಗ್ರಾಮಿನಷ್ಟೂ ಹೆಚ್ಚು ಬೆಳ್ಳಿಯಿಲ್ಲ. ಆದರೂ ಅದರ ಬೆಲೆ ಮೇಲು. ಅಂದಕ್ಕೆ ಸಂಗ್ರಾಹಕರು ಮನಸೋಲುತ್ತಾರೆ, ಅಷ್ಟೆ.

ಇನ್ನು ಮುಳುಗಿದ ಹಡಗಿನ ಕತೆ. 1784ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಮುಳುಗಿದ 'ಎಲ್ ಕಸಾದೋರ್' 1993ರಲ್ಲಿ ಮೀನುಗಾರರ ಬಲೆಗೆ ಸಿಕ್ಕಿತು. ಅದರ ನಾಣ್ಯಗಳು ರಾಶಿರಾಶಿಯಾಗಿ ಪೇಟೆಗೆ ಬಂದವು. ಸರಕು ಹೆಚ್ಚಿದರೆ ಬೆಲೆ ಇಳಿಯಬೇಕಲ್ಲವೇ? ಉಪ್ಪುನೀರು ಬೆಳ್ಳಿಯನ್ನು ತಿನ್ನುತ್ತದೆ. ಎಷ್ಟೋ ನಾಣ್ಯಗಳು ಸವೆದು ತೆಳುವಾಗಿರುತ್ತವೆ. ಅಂಥದ್ದನ್ನು ಚೌಕಟ್ಟಿನಲ್ಲಿ ಕೂರಿಸಿ, ತೂಕ ಮರೆಮಾಚಿ, ಜೊತೆಗೊಂದು ಪ್ರಮಾಣಪತ್ರ ಕೊಡುತ್ತಾರೆ. ಮಾರುವವನೇ ಬರೆದ ಪ್ರಮಾಣಪತ್ರ! ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಂಡ ಹುಡುಗನನ್ನು ನಾವು ತೇರ್ಗಡೆ ಮಾಡುತ್ತಿದ್ದೆವೇ?

ವ್ಯಾಪಾರಿಗೆ ಲಾಭವೇ ಬೇಡವೆಂದು ನಾನು ಹೇಳುತ್ತಿಲ್ಲ. ಖೋಟಾ ನಾಣ್ಯಗಳು ತುಂಬಿರುವ ಪೇಟೆಯಲ್ಲಿ ಬಲ್ಲವನ ಕಣ್ಣಿಗೂ, ಅಸಲಿಯಲ್ಲದಿದ್ದರೆ ಹಣ ಹಿಂದಿರುಗಿಸುವ ಮಾತಿಗೂ ಬೆಲೆಯಿದೆ. ಎಂಟನೆಯ ತರಗತಿಯಲ್ಲಿ ಕಲಿತ ಆರ್ಕಿಮಿಡೀಸನನ್ನು ನೀವು ಮರೆತಿಲ್ಲವಾದರೆ ಮನೆಯಲ್ಲೇ ನೀರಿನಲ್ಲಿ ತೂಗಿ ನೋಡಬಹುದು: ಸಾಪೇಕ್ಷ ಸಾಂದ್ರತೆ 10.3ರ ಆಸುಪಾಸಿನಲ್ಲಿರಬೇಕು. ಹಗುರ ಲೋಹದ ನಕಲು ಇದರಲ್ಲಿ ಸಿಕ್ಕಿಬೀಳುತ್ತದೆ. ಬೆಳ್ಳಿಯಲ್ಲೇ ಮಾಡಿದ ನಕಲಿಗೆ ಮಾತ್ರ ಬಲ್ಲವನೇ ಬೇಕು.

ನ್ಯಾಯವಾದ ಬೆಲೆಯೆಂದರೆ ಅದೇ ವರ್ಷದ, ಅದೇ ಟಂಕಸಾಲೆಯ, ಅದೇ ಸ್ಥಿತಿಯ ನಾಣ್ಯ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆ; ಅಂಗಡಿಯ ಚೀಟಿಯಲ್ಲಿ ಬರೆದುಕೊಂಡದ್ದಲ್ಲ. ಉಜ್ಜಿ ಹೊಳಪಿಸಿದ್ದಾದರೆ ಅದಕ್ಕೂ ಕಡಿಮೆ. ಕೊಳ್ಳುವ ಮುನ್ನ ವ್ಯಾಪಾರಿಯನ್ನು ಕೇಳಿ: "ಇದನ್ನೇ ನಾಳೆ ತಂದರೆ ನೀವು ಎಷ್ಟು ಕೊಡುತ್ತೀರಿ?" ಕೇಳಿದ ಬೆಲೆಯ ಅರ್ಧವನ್ನೂ ಹೇಳಲಾರದವನಾದರೆ, ರಸೀತಿಯ ಮೇಲೆ ತೂಕ ಬರೆಯಲು ಹಿಂಜರಿಯುವವನಾದರೆ, ಅಲ್ಲಿಂದ ಎದ್ದು ಬನ್ನಿ. ಮುಂದಿನ ಬಾರಿ ಕೊಳ್ಳುವಾಗ ರಸೀತಿಯ ಪ್ರತಿಯೊಂದನ್ನು ನನಗೂ ಕಳುಹಿಸಿ. ಲೆಕ್ಕ ತಿದ್ದುವ ಕೈಗೆ ಈಗ ಬೇರೆ ಕೆಲಸವಿಲ್ಲ.