ಮೀಟರ್ ಕೆಟ್ಟಿಲ್ರೀ ಸರ!

"ಪ್ರೋಗ್ರಾಮಿಂಗ್ ಬರದಿದ್ದರೂ ನಡೆಯುತ್ತದೆ, ಚಿತ್ರ ಎಳೆದು ವೈರು ಜೋಡಿಸಿದರೆ ಮುಗೀತು" ಅಂತ ಲ್ಯಾಬ್‌ವ್ಯೂ ಪಾಠ ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಾಫ್ಟ್‌ವೇರಿನ ಮೇಲೆ ನನಗೆ ಸಿಟ್ಟಿಲ್ಲ, ಮೊದಲೇ ಹೇಳಿಬಿಡುತ್ತೇನೆ. 1986ರಲ್ಲಿ ಮ್ಯಾಕಿಂತೋಷ್ ಮೇಲೆ ಹುಟ್ಟಿದ ಅದು ಇವತ್ತಿಗೂ ಒಳ್ಳೆಯ ಸಾಧನ. 2020ರಿಂದ ಮನೆಯಲ್ಲಿ ಸ್ವಂತಕ್ಕೆ ಕಲಿಯುವವರಿಗೆ ಪುಕ್ಕಟೆ ಆವೃತ್ತಿಯೂ ಇದೆ. ನನ್ನ ಸಿಟ್ಟು ಆ "ಮುಗೀತು" ಅನ್ನುವ ಮಾತಿನ ಮೇಲೆ. ಚಿತ್ರದ ಕೆಳಗೆ ಒಂದು ತಂತಿ ಇದೆ ಸ್ವಾಮಿ, ತಂತಿಯ ಆಚೆ ಒಂದು ಮೀಟರು ಇದೆ, ಅದಕ್ಕೆ ತನ್ನದೇ ಭಾಷೆ ಇದೆ. ಅದನ್ನು ಕಲಿಸದೆ ಬರೀ ಚಿತ್ರ ಕಲಿಸಿದ್ದರ ಫಲ, ನಾನು ನೋಡಿದ ಲ್ಯಾಬುಗಳಲ್ಲಿ ಗಟ್ಟಿಮುಟ್ಟಾದ ಉಪಕರಣಗಳು "ಕೆಟ್ಟಿದೆ" ಎಂಬ ಚೀಟಿ ಹಚ್ಚಿಸಿಕೊಂಡು ಕಪಾಟಿನಲ್ಲಿ ಕೂತಿವೆ.

ಒಂದು ಉದಾಹರಣೆ ಕೊಡುತ್ತೇನೆ. ಕಾಲೇಜಿನ ಹೆಸರು ಬೇಡ, ವಿಜಯಪುರದ್ದು ಅಂದರೆ ಸಾಕು. ಕೊನೇ ವರ್ಷದ ನಾಲ್ವರು ಹುಡುಗರು ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಿಂದ ಬೋರ್‌ವೆಲ್ ನೀರು ತಂದಿದ್ದರು. ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಇಸಿ ಮೀಟರಿನಿಂದ ನೇರವಾಗಿ ಕಂಪ್ಯೂಟರಿಗೆ ತೆಗೆದುಕೊಳ್ಳುವುದು ಅವರ ಪ್ರಾಜೆಕ್ಟು. ಇದು ಸುಮ್ಮನೆ ಅಂಕಕ್ಕಾಗಿ ಮಾಡುವ ಕೆಲಸವಲ್ಲ. ದ್ರಾಕ್ಷಿಗೆ ಉಪ್ಪು ಆಗಿಬರುವುದಿಲ್ಲ. ನೀರಾವರಿ ನೀರಿನ ಇಸಿ ಮೀಟರಿಗೆ 1 ಡೆಸಿಸೀಮೆನ್ಸ್ (ಅಂದರೆ ಸೆಂಟಿಮೀಟರಿಗೆ 1000 ಮೈಕ್ರೋಸೀಮೆನ್ಸ್) ದಾಟಿತೆಂದರೆ ಇಳುವರಿ ಇಳಿಯಲು ಶುರುವಾಗುತ್ತದೆ ಎಂದು ಎಫ್‌ಎಒದವರ 1985ರ ಕೋಷ್ಟಕ ಹೇಳುತ್ತದೆ. ಸಾಲ ಮಾಡಿ ಚಪ್ಪರ ಹಾಕಿದ ರೈತನಿಗೆ ಆ ಸಂಖ್ಯೆ ಬೇಕು.

ಮೂರು ವಾರದಿಂದ ಆ ಹುಡುಗರಿಗೆ ಸಿಗುತ್ತಿದ್ದದ್ದು ಒಂದೇ ಸಂಖ್ಯೆ: -1073807339. ಟೈಮ್‌ಔಟ್. "ಸರ, ಮಷೀನ್ ಕೆಟ್ಟೈತ್ರಿ, ಹೊಸಾದು ತಗೋಬೇಕಂತ ಡೀಲರ್ ಹೇಳ್ಯಾರ್ರಿ" ಅಂದ ಒಬ್ಬ. ಮ್ಯಾನ್ಯುವಲ್ ಎಲ್ಲೈತಿ ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸ್ಟೋರಿನಲ್ಲಿ ಸ್ಟಾಕ್ ರಿಜಿಸ್ಟರ್ ಇತ್ತು, ಬಿಲ್ ಇತ್ತು, ಕೊನೆಗೆ ಥರ್ಮೋಕೋಲೂ ಇತ್ತು. ಮ್ಯಾನ್ಯುವಲ್ ಸಿಕ್ಕಿದ್ದು ಅದೇ ಥರ್ಮೋಕೋಲ್ ಕೆಳಗೆ, ಪ್ಲಾಸ್ಟಿಕ್ ಕವರು ಸಹ ಹರಿದಿರಲಿಲ್ಲ!

ಅವರು ಮಾಡಿಕೊಂಡಿದ್ದ ಚಿಕಿತ್ಸೆ ಕೇಳಿ. ಮೊದಲು 1 ಸೆಕೆಂಡ್ ವೇಟ್. ಆಗಲಿಲ್ಲ, 5 ಸೆಕೆಂಡ್. ಆಮೇಲೆ ಟೈಮ್‌ಔಟನ್ನೇ 10ರಿಂದ 60 ಸೆಕೆಂಡಿಗೆ ಏರಿಸಿದರು. ಕೊನೆಗೆ ಎರರ್ ವೈರನ್ನೇ ಕಿತ್ತು ಹಾಕಿದರು. ಲೆಕ್ಕ ಹಾಕಲು ಯಾರೂ ಹೇಳಿಕೊಟ್ಟಿರಲಿಲ್ಲ. 9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್. ಸೆಕೆಂಡಿಗೆ 960 ಅಕ್ಷರ. ಮೀಟರಿನ 20 ಅಕ್ಷರದ ಉತ್ತರ ತಂತಿಯಲ್ಲಿ ಬರಲು ಬೇಕಾಗುವುದು ಸುಮಾರು 21 ಮಿಲಿಸೆಕೆಂಡ್. 60 ಸೆಕೆಂಡ್ ಕಾದರೂ ಬಾರದವರು 60 ನಿಮಿಷ ಕಾದರೂ ಬರುವುದಿಲ್ಲ.

ಲ್ಯಾಬ್‌ವ್ಯೂ ಮುಚ್ಚಿಸಿದೆ. ಕೇಬಲಿನ ಮೀಟರ್ ಕಡೆಯ ತುದಿ ಬಿಚ್ಚಿ 2 ಮತ್ತು 3ನೇ ಪಿನ್ನುಗಳನ್ನು ಒಂದು ಚೂರು ತಂತಿಯಿಂದ ಜೋಡಿಸಿ, ಟೆರಾ ಟರ್ಮ್‌ನಲ್ಲಿ ಟೈಪ್ ಮಾಡಲು ಹೇಳಿದೆ. ಒತ್ತಿದ ಅಕ್ಷರ ಪರದೆ ಮೇಲೆ ಮೂಡಿತು. ಗೋಳಗುಮ್ಮಟದಲ್ಲಿ ಕೂಗಿದಂತೆಯೇ ಇದು, ನಿಮ್ಮ ದನಿ ನಿಮಗೇ ವಾಪಸ್ (ಇಲ್ಲಿ ಒಂದೇ ಸಲ!). ಪೋರ್ಟು, ಡ್ರೈವರು, ಯುಎಸ್‌ಬಿ ಕನ್ವರ್ಟರು, ಕೇಬಲು ಎಲ್ಲ ಸರಿಯಿವೆ ಎಂದು ಎರಡು ನಿಮಿಷದಲ್ಲಿ ಗೊತ್ತಾಯಿತು. ತಂತಿ ತೆಗೆದು ಮೀಟರಿಗೆ ಹಾಕಿ, ಮ್ಯಾನ್ಯುವಲಿನ ಕಮಾಂಡ್ ಒತ್ತಿ ಎಂಟರ್ ಕೊಟ್ಟರೆ ರೀಡಿಂಗ್ ಬಂತು. ಹಂಗಾರ ಕೆಟ್ಟಿದ್ದು ಯಾವುದು?

ಕಮಾಂಡಿನ ಕೊನೆಗೆ ಕ್ಯಾರೇಜ್ ರಿಟರ್ನ್ ಬೇಕಿತ್ತು. ಹುಡುಗರು ಬ್ಯಾಕ್‌ಸ್ಲ್ಯಾಶ್ ಮತ್ತು ಆರ್ ಅಂತ ಟೈಪ್ ಮಾಡಿದ್ದರು, ಆದರೆ ಆ ಸ್ಟ್ರಿಂಗ್ ಡಬ್ಬಿ 'ನಾರ್ಮಲ್ ಡಿಸ್‌ಪ್ಲೇ'ಯಲ್ಲಿತ್ತು. ಅದನ್ನು 'ಕೋಡ್ಸ್ ಡಿಸ್‌ಪ್ಲೇ'ಗೆ ಬದಲಿಸದಿದ್ದರೆ ಮೀಟರಿಗೆ ಹೋಗುವುದು ನಿಜವಾದ ಬ್ಯಾಕ್‌ಸ್ಲ್ಯಾಶು, ನಿಜವಾದ ಆರ್. ಮಾತು ಮುಗಿಯಿತು ಅಂತ ಮೀಟರಿಗೆ ಗೊತ್ತಾಗುವುದೇ ಇಲ್ಲ, ಪಾಪ ಕಾಯುತ್ತ ಕೂರುತ್ತದೆ. ಅದನ್ನು ಸರಿಮಾಡಿ ಓಡಿಸಿದರೆ ಮತ್ತೆ ಅದೇ -1073807339! ಈಗ ರೋಗ ಬೇರೆ. ಮೀಟರು ಉತ್ತರದ ಕೊನೆಗೆ ಕ್ಯಾರೇಜ್ ರಿಟರ್ನ್, ಅಂದರೆ 13, ಮಾತ್ರ ಕಳಿಸುತ್ತದೆ. ಲ್ಯಾಬ್‌ವ್ಯೂನ ಸೀರಿಯಲ್ ಸೆಟ್ಟಿಂಗ್ ತಾನಾಗಿಯೇ ಕಾಯುವುದು ಲೈನ್ ಫೀಡಿಗೆ, ಅಂದರೆ 10ಕ್ಕೆ. ಅಕ್ಷರಗಳೆಲ್ಲ ಬಂದಿವೆ, ಆದರೂ ಕಾಯುತ್ತಿದೆ. 10 ಇದ್ದಲ್ಲಿ 13 ಹಾಕಿದ ಕೂಡಲೇ ರೀಡಿಂಗ್ ಬರತೊಡಗಿತು. ಜ್ವರ ಒಂದೇ, ರೋಗ ಎರಡು. ಸಂಖ್ಯೆ ನೋಡಿ ಗಾಬರಿಯಾಗುವುದನ್ನಷ್ಟೇ ಕಲಿತವರಿಗೆ ಇದು ಹೇಗೆ ಗೊತ್ತಾಗಬೇಕು?

ನುಡಿಯಲ್ಲಿ ಬರೆದದ್ದನ್ನು ಯುನಿಕೋಡ್ ಅಂದುಕೊಂಡು ತೆರೆದು, ಪರದೆ ತುಂಬ ಕಸ ನೋಡಿ ತಲೆ ಚಚ್ಚಿಕೊಂಡ ಬ್ಲಾಗಿಗರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಬಾಡ್ ದರ, ಪ್ಯಾರಿಟಿ ತಪ್ಪಿದರೆ ಬರುವುದೂ ಅಂಥದೇ ಕಸ. ಕಸ ಬಂತು ಅಂತ ನಾವು ಯಾರೂ ಕನ್ನಡ ಕೆಟ್ಟಿದೆ ಅನ್ನಲಿಲ್ಲವಲ್ಲ!

ಇಷ್ಟಾದರೂ ನನಗೆ ನಿಜವಾಗಿ ಹೆದರಿಕೆಯಾದದ್ದು ಆಮೇಲೆ, ಎಲ್ಲ ಸರಿಯಾಗಿ ಓಡುತ್ತಿದ್ದಾಗ. ಈ ಮೀಟರು 1999 ಮೈಕ್ರೋಸೀಮೆನ್ಸ್ ತನಕ ಮೈಕ್ರೋದಲ್ಲಿ ಹೇಳಿ, ಅದು ದಾಟಿದರೆ ತಾನೇ ಮಿಲಿಗೆ ಜಿಗಿಯುತ್ತದೆ. ಹುಡುಗರ ಪ್ರೋಗ್ರಾಮು ಸಂಖ್ಯೆ ಮಾತ್ರ ಎತ್ತಿಕೊಂಡು ಹಿಂದಿನ ಯೂನಿಟ್ ಬಿಸಾಕುತ್ತಿತ್ತು. 850 ಇದ್ದ ನೀರು ಗ್ರಾಫಿನಲ್ಲಿ 850. ಅದರ ಮೂರು ಪಟ್ಟು ಉಪ್ಪಿದ್ದ ನೀರು 2.6! ಯಾವ ಎರರ್ ನಂಬರೂ ಇಲ್ಲ, ಕೆಂಪು ದೀಪವೂ ಇಲ್ಲ. ಎಲ್ಲಕ್ಕಿಂತ ಕೆಟ್ಟ ನೀರು ಡಿಸ್ಟಿಲ್ಡ್ ವಾಟರಿನ ಹಾಗೆ ಕಂಗೊಳಿಸುತ್ತಿತ್ತು. ಅದನ್ನೇ ಪ್ರಿಂಟ್ ಹಾಕಿ, ಸ್ಪೈರಲ್ ಬೈಂಡ್ ಮಾಡಿ, ರೈತನ ಕೈಗೆ ಕೊಟ್ಟಿದ್ದರೆ? ಯೂನಿಟ್ ಓದುವ ಒಂದು ಕೇಸ್ ಡಬ್ಬಿ ಸೇರಿಸಲು ಹತ್ತು ನಿಮಿಷ ಹಿಡಿಯಿತು, ಅಷ್ಟೇ.

ಈಗ ಕೆಲವರು ಹೇಳುತ್ತಾರೆ, "ಅದೆಲ್ಲ 1960ರ ಕಾಲದ ಆರ್‌ಎಸ್-232, ಈಗ ಎಲ್ಲ ಯುಎಸ್‌ಬಿ, ಅದನ್ಯಾಕೆ ಕಲಿಸಬೇಕು?" ಅಂತ. ಆ ಯುಎಸ್‌ಬಿ ಮೀಟರನ್ನು ಚುಚ್ಚಿ ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಎಷ್ಟೋ ಮೀಟರುಗಳು ಅಲ್ಲಿ ಕಾಮ್ ಪೋರ್ಟ್ ಆಗಿಯೇ ಕೂತಿರುತ್ತವೆ. ಅಂಗಿ ಬದಲಾಗಿದೆ, ಆಸಾಮಿ ಅವನೇ. ಕಾರ್ಖಾನೆಯ ಎನರ್ಜಿ ಮೀಟರು, ಪಂಪಿನ ಡ್ರೈವು ಇವತ್ತಿಗೂ ಮಾತಾಡುವುದು ಆರ್‌ಎಸ್-485 ತಂತಿಯ ಮೇಲೆ 1979ರ ಮಾಡ್‌ಬಸ್. ಕೆಲಸ ಬೇಕು ಅನ್ನುವ ಹುಡುಗರಿಗೆ ಇದನ್ನು ಕಲಿಸದೆ ಇನ್ನೇನು ಕಲಿಸುತ್ತೀರಿ?

ಇನ್ನು ಕೆಲವರದು ಸಿಲೆಬಸ್ ನೆಪ. ಲೂಪ್‌ಬ್ಯಾಕ್ ತೋರಿಸಲು ಒಂದು ಪೇಪರ್ ಕ್ಲಿಪ್ ಮತ್ತು ಐದು ನಿಮಿಷ ಸಾಕು. ಐದು ನಿಮಿಷವೂ ಇಲ್ಲ ಅನ್ನುವವರ ಲ್ಯಾಬಿನಲ್ಲಿ ಹೊಸ ಮೀಟರಿಗೆ ಕೊಟೇಶನ್ ತರಿಸಲು ಮಾತ್ರ ಆರು ತಿಂಗಳು ಪುರಸೊತ್ತಿರುತ್ತದೆ. ಮ್ಯಾನ್ಯುವಲ್ ಜೊತೆಗಿಲ್ಲದ ಉಪಕರಣವನ್ನು ಸ್ಟಾಕಿಗೆ ತೆಗೆದುಕೊಳ್ಳಲೇಬಾರದು, ಟರ್ಮಿನಲ್ಲಿನಲ್ಲಿ ಪರೀಕ್ಷೆ ಮಾಡದೆ "ಕೆಟ್ಟಿದೆ" ಚೀಟಿ ಹಚ್ಚಲೇಬಾರದು. ಇದಕ್ಕೆ ದುಡ್ಡೂ ಬೇಡ, ಯಾರ ಪರ್ಮಿಶನ್ನೂ ಬೇಡ.

ಗೆಳೆಯರೇ, ನಿಮ್ಮ ಕಾಲೇಜಿನಲ್ಲೋ ಕಾರ್ಖಾನೆಯಲ್ಲೋ ಹಳೇ ಇಸಿ ಮೀಟರು, ಪಿಎಚ್ ಮೀಟರು, ತಕ್ಕಡಿ ಇದ್ದರೆ ಮ್ಯಾನ್ಯುವಲಿನ ಕಮಾಂಡ್ ಪಟ್ಟಿಯ ಪುಟ ಹುಡುಕಿ. ಬಾಡ್ ದರ, ಪ್ಯಾರಿಟಿ, ಕೊನೆಯ ಅಕ್ಷರ, ಯೂನಿಟ್ ಯಾವಾಗ ಬದಲಾಗುತ್ತದೆ, ಇಷ್ಟನ್ನು ಕನ್ನಡದಲ್ಲಿ ಬರೆದು ನಿಮ್ಮ ಬ್ಲಾಗಿಗೆ ಹಾಕಿ. ನನ್ನ ಹತ್ತಿರ ಇರುವ ಎರಡು ಮೀಟರುಗಳದನ್ನು ಮುಂದಿನ ವಾರ ಹಾಕುತ್ತೇನೆ.