ಜೇಬಿನೊಳಗಿನ ಜೋಯಿಸ

ನಾನು ಹುಟ್ಟಿದ್ದು ಜೂನ್ 1ರಂದು ಅಲ್ಲ. ಆದರೆ ಸರ್ಕಾರದ ಕಾಗದಪತ್ರಗಳಲ್ಲೆಲ್ಲ ನನ್ನ ಹುಟ್ಟಿದ ದಿನ ಅದೇ. ಅಬ್ಬಾ ನನ್ನನ್ನು ಉರ್ದು ಶಾಲೆಗೆ ಸೇರಿಸಲು ಕರೆದುಕೊಂಡು ಹೋದ ದಿನ ಹೆಡ್ ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿನಿಂದ ತಂದು ಎಡಗಿವಿ ಮುಟ್ಟಿಸಿ ನೋಡಿದರು. ಬೆರಳು ಕಿವಿಗೆ ತಾಕಿತು. ಸರಿ, ಶಾಲೆಗೆ ಸೇರುವ ವಯಸ್ಸಾಗಿದೆ ಎಂದು ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದರು. ನಮ್ಮ ಬಾಬುರಾಯನಕೊಪ್ಪಲಿನಲ್ಲಿ ಇಂಥ ಜೂನ್ 1ರ ಸಂತಾನ, ಹಿಂದೂ ಮುಸ್ಲಿಂ ಎನ್ನದೆ, ಮನೆಗೊಬ್ಬರಾದರೂ ಸಿಗುತ್ತಾರೆ. ನಮ್ಮ ಅತ್ತೆಯವರಿಗೆ ಅದೂ ಇಲ್ಲ. ಗಾಂಧೀಜಿ ಗುಂಡಿಗೆ ಬಲಿಯಾದಾಗ ಅವರು ತಾಯಿಯ ಹೊಟ್ಟೆಯಲ್ಲಿದ್ದರಂತೆ. ಅಷ್ಟೇ ಅವರ ಜಾತಕ.

ನನ್ನ ಮಗಳ ವಿಷಯ ಬೇರೆ. ಅವಳು ಹುಟ್ಟಿದ್ದು ಆಸ್ಪತ್ರೆಯಲ್ಲಿ. ದಿನ, ಗಂಟೆ, ನಿಮಿಷ, ತೂಕ ಎಲ್ಲವೂ ಚೀಟಿಯಲ್ಲಿದೆ. ನಮ್ಮ ಮನೆಯಲ್ಲಿ ಗಳಿಗೆ ಸಮೇತ ಹುಟ್ಟಿದ ಮೊದಲ ಹೆಣ್ಣು ಅವಳು. ಆ ಗಳಿಗೆಯನ್ನು ನಾನು ಒಂದು ಸಂಜೆ ಒಲೆಯ ಮುಂದೆ ನಿಂತು, ಅನ್ನ ಬೇಯುವಷ್ಟರಲ್ಲಿ, ಯಾರೆಂದೇ ಗೊತ್ತಿಲ್ಲದವರಿಗೆ ಕೊಟ್ಟುಬಿಟ್ಟೆ. ಈ ಬರಹ ಹುಟ್ಟಿದ್ದು ಆ ತಪ್ಪಿನಿಂದ.

ಆದದ್ದಿಷ್ಟು. ಮಗಳಿಗೆ ಮೈಸೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನ ಫೂಫಿ ಫೋನಿಗೆ ಒಂದು ಆಪ್‌ನ ಕೊಂಡಿ ಕಳಿಸಿದರು. "ಇದು ಜಾತಕ ಅಲ್ಲ ಆಪಾ, ನಮ್ಮದೇ ಅಬ್ಜದ್ ಲೆಕ್ಕ. ಹುಡುಗ ಹುಡುಗಿಯ ಹೆಸರು ಹೊಂದುತ್ತದೋ ಇಲ್ಲವೋ ಹೇಳುತ್ತದೆ" ಎಂದರು. ಅದು ಹೆಸರು ಕೇಳಿತು, ಕೊಟ್ಟೆ. ಹುಟ್ಟಿದ ದಿನ, ಹೊತ್ತು, ಊರು ಕೇಳಿತು, ಕೊಟ್ಟೆ. ಫೋನ್ ನಂಬರು, ಫೋಟೋ ಕೇಳಿತು, ಅದನ್ನೂ ಕೊಟ್ಟೆ. ಕೊನೆಗೆ ನೂರಕ್ಕೆ 68 ಎಂದಿತು. 68 ಎಂದರೆ ಪಾಸೋ ಫೇಲೋ ತಿಳಿಯದೆ ಎರಡೂ ಮನೆಯವರು ಸುಮ್ಮನಾದೆವು. ಸುಮ್ಮನಾಗದವರು ಬೇರೆಯವರು. ಮರುದಿನದಿಂದ ಮಗಳ ಫೋನಿಗೆ ಕರೆ ಬರತೊಡಗಿದವು. ಒಬ್ಬ ಫಿರೋಜಾ ಹರಳು ಧರಿಸಿ ಎಂದ, ಇನ್ನೊಬ್ಬ ದೋಷ ಪರಿಹಾರಕ್ಕೆ ದುಡ್ಡು ಕಳಿಸಿ ಎಂದ, ಮೂರನೆಯವನು ಮದುವೆಗೆ ಸಾಲ ಬೇಕೇ ಎಂದ. ನಾಲ್ಕನೆಯವನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ಮಗಳು ಜಗಳವಾಡಲಿಲ್ಲ. ಒಂದೇ ಮಾತು ಕೇಳಿದಳು: "ಅಮ್ಮಿ, ಅದು ನನ್ನ ಹುಟ್ಟಿದ ದಿನ. ಯಾರನ್ನು ಕೇಳಿ ಕೊಟ್ಟಿರಿ?"

ಉತ್ತರ ನನ್ನಲ್ಲಿರಲಿಲ್ಲ. ಆ ಶುಕ್ರವಾರ ಫೋನನ್ನು ಆರಿಸಿ ಅಕ್ಕಿಯ ಡಬ್ಬದ ಹಿಂದೆ ಇಟ್ಟೆ. ಜುಮ್ಮಾದಿಂದ ಜುಮ್ಮಾವರೆಗೆ ಒಂದು ವಾರ ಅದಿಲ್ಲದೆ ಇರುವುದೆಂದು ತೀರ್ಮಾನಿಸಿದೆ. ತುರ್ತಿಗೆ ಅತ್ತೆಯವರ ಹಳೆಯ ಗುಂಡಿ ಫೋನು ಇತ್ತು.

ಮೊದಲ ಎರಡು ದಿನ ಕೈ ತಾನಾಗಿಯೇ ಡಬ್ಬದ ಕಡೆಗೆ ಹೋಗುತ್ತಿತ್ತು. ಹಾಲಿನ ಲೆಕ್ಕ ಅದರಲ್ಲಿ, ತಂಗಿಯ ನಂಬರು ಅದರಲ್ಲಿ, ಅರ್ಧ ಬರೆದ ಕಥೆ ಅದರಲ್ಲಿ. ನನ್ನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಹಿಂದೊಮ್ಮೆ ಹೀಗೇ ಆಗಿತ್ತು. ಒಂದು ಕಂಪನಿಯ ಖಾತೆಯಲ್ಲಿ ಇಟ್ಟಿದ್ದ ಹನ್ನೊಂದು ಕಥೆಗಳು, ಪಾಸ್‌ವರ್ಡ್ ಮರೆತು ಹಳೆಯ ಸಿಮ್ ಕಳೆದುಹೋದದ್ದರಿಂದ, ಇವತ್ತಿಗೂ ನನಗೆ ಸಿಕ್ಕಿಲ್ಲ. ಬರೆದವಳು ನಾನೇ ಎಂದು ಯಾರಿಗೆ ಹೇಳಲಿ? ಆ ಕಡೆ ಮನುಷ್ಯರೇ ಇಲ್ಲ. ಅದಕ್ಕೂ ಹಿಂದೆ ಕಂಪ್ಯೂಟರಿನಲ್ಲಿ ಅಂದಿನ ಫಾಂಟಿನಲ್ಲಿ ಟೈಪು ಮಾಡಿಸಿದ್ದ ಕಥೆಗಳು ಈಗ ತೆರೆದರೆ ಇಂಗ್ಲಿಷಿನ ಕಲಸುಮೇಲೋಗರವಾಗಿ ಕಾಣುತ್ತವೆ. ಉಳಿದಿರುವುದು ಪತ್ರಿಕೆಯಲ್ಲಿ ಅಚ್ಚಾದವು ಮತ್ತು ನೋಟುಬುಕ್ಕಿನಲ್ಲಿ ಕೈಯಾರೆ ಬರೆದವು ಮಾತ್ರ.

ಇನ್ನು ಜ್ಯೋತಿಷ್ಯದ ಮಾತು. ನಮ್ಮವರ ನಡುವೆ ಒಂದು ಜಂಬವಿದೆ. ಜ್ಯೋತಿಷ್ಯ ಅವರದು, ನಮ್ಮದಲ್ಲ, ನಮಗದು ಹರಾಮ್ ಎನ್ನುತ್ತೇವೆ. ಹೌದೇ? ಸಫರ್ ತಿಂಗಳ ಮೊದಲ ಹದಿಮೂರು ದಿನ ತೇರಾ ತೇಜಿ ಎಂದು ಮದುವೆ ಮಾತುಕತೆಯನ್ನು ಮುಂದಕ್ಕೆ ಹಾಕುವವರು ಯಾರು? ಮಗುವಿನ ಹೆಸರಿಗೆ ಅಬ್ಜದ್ ಸಂಖ್ಯೆ ಕೂಡಿಸಿ ನೋಡುವವರು ಯಾರು? ಫಾಲ್ ತೆಗೆಸುವವರು ಯಾರು? ಕಾಯಿಲೆ ಬಿದ್ದ ಮಗುವನ್ನು ಆಸ್ಪತ್ರೆಗೆ ಒಯ್ಯುವ ಮೊದಲು ತಾವೀಜಿಗೆ ಅಲೆಯುವವರು ಯಾರು? ಹೆಸರು ಬೇರೆ, ಹೆದರಿಕೆ ಒಂದೇ.

ಮಳೆಯ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಭರಣಿ, ರೋಹಿಣಿ, ಮೃಗಶಿರ ಎಂದು ನಮ್ಮ ಸಾಬರ ರೈತರೂ ಮಳೆಯ ಹೆಸರು ಹೇಳಿಯೇ ಬಿತ್ತುತ್ತಾರೆ. ಅದು ಅನುಭವದ ಕ್ಯಾಲೆಂಡರು. ನನ್ನ ತಕರಾರಿರುವುದು ಮನುಷ್ಯರ ಹಣೆಬರಹ ಓದುವೆನೆಂಬ ವ್ಯಾಪಾರದ ಬಗ್ಗೆ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಒಂದು ಪರೀಕ್ಷೆ ಮಾಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಿನಲ್ಲಿ ಚುರುಕಾದ 100 ಮಕ್ಕಳು, ಬುದ್ಧಿಮಾಂದ್ಯರಾದ 100 ಮಕ್ಕಳು, ಹೀಗೆ 200 ಜಾತಕ ಸಂಗ್ರಹಿಸಿ, ಒಬ್ಬೊಬ್ಬ ಜ್ಯೋತಿಷಿಗೆ 40ರಂತೆ ಕೊಟ್ಟು, ಯಾವ ಮಗು ಯಾವ ಗುಂಪಿನದು ಹೇಳಿ ಎಂದರು. ಉತ್ತರ ಕಳಿಸಿದ 27 ಜ್ಯೋತಿಷಿಗಳು ಸರಾಸರಿ ಹೇಳಿದ್ದು ನೂರಕ್ಕೆ 46 ಸರಿ. ನಾಣ್ಯ ಚಿಮ್ಮಿದ್ದರೆ 50ರ ಹತ್ತಿರ ಬರುತ್ತಿತ್ತು. ನಮ್ಮ ರಾಜ್ಯದಲ್ಲೂ ಹೋರಾಟ ನಡೆಯದೆ ಇಲ್ಲ. 1976ರಲ್ಲೇ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದರು. 2017ರಲ್ಲಿ ವಿಧಾನಮಂಡಲ ವಾಮಾಚಾರ ತಡೆಯುವ ಕಾಯಿದೆಯನ್ನೂ ಒಪ್ಪಿತು. ಆದರೆ ಜ್ಯೋತಿಷ್ಯ ಮತ್ತು ವಾಸ್ತುವಿನ ಸಲಹೆಯನ್ನು ಅದರಿಂದ ಹೊರಗಿಟ್ಟಿತು. ಓಟು ಹಾಕುವವರೂ ಕೇಳುವವರೂ ಜೋಯಿಸರ ಬಳಿ ಹೋಗುವವರೇ ಆದಾಗ ಇನ್ನೇನಾದೀತು?

ಇಷ್ಟು ದಿನ ನಾವು ಜಗಳವಾಡಿದ್ದು ಹಳೆಯ ಜೋಯಿಸನ ಜೊತೆ. ಅಷ್ಟರಲ್ಲಿ ಹೊಸ ಜೋಯಿಸ ಜೇಬಿಗೆ ಬಂದು ಕೂತ. ಹಳೆಯ ಜೋಯಿಸರಿಗೆ ಒಂದು ಮಿತಿಯಿತ್ತು. ನಾವು ಹೋದರೆ ಮಾತ್ರ ಹೇಳುತ್ತಿದ್ದರು, ಹೇಳಿದ್ದು ತಪ್ಪಾದರೆ ಊರಿನಲ್ಲಿ ಮುಖ ತೋರಿಸಬೇಕಿತ್ತು. ಹೊಸಬನಿಗೆ ಮುಖವೇ ಇಲ್ಲ. ಗ್ರಹ ನೋಡುವುದಿಲ್ಲ, ನಮ್ಮನ್ನೇ ನೋಡುತ್ತಾನೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆವು, ಯಾವ ಸೀರೆಯ ಚಿತ್ರದ ಮೇಲೆ ಬೆರಳು ನಿಂತಿತು, ಯಾವ ಕಾಯಿಲೆಯ ಹೆಸರು ಹುಡುಕಿದೆವು ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ನಾಳೆ ನಮಗೆ ಏನು ಬೇಕಾದೀತು ಎಂದು ಲೆಕ್ಕ ಹಾಕಿ ಅದನ್ನೇ ನಾಳೆ ಕಣ್ಣ ಮುಂದೆ ತಂದಿಡುತ್ತಾನೆ. ತನ್ನ ಭವಿಷ್ಯವನ್ನು ತಾನೇ ನಿಜ ಮಾಡುವ ಜೋಯಿಸನನ್ನು ನಮ್ಮ ಅಜ್ಜಿಯರು ಕಂಡಿರಲಿಲ್ಲ.

ತಾವೀಜಿನ ವಿರುದ್ಧ ಗಂಟೆಗಟ್ಟಲೆ ಬಯಾನ್ ಮಾಡುವ ನಮ್ಮ ಹಜ್ರತ್‌ಗಳಿಗೆ ಇದು ಕಾಣುವುದಿಲ್ಲ. ಅವರ ಬಯಾನ್ ಓಡುವುದೂ ಅದೇ ಪರದೆಯ ಮೇಲೆ, ಕೆಳಗೆ ಹರಳಿನ ಜಾಹೀರಾತಿನ ಸಮೇತ. ರಾಹುಕಾಲವನ್ನು ಗೇಲಿ ಮಾಡುವ ವಿಚಾರವಾದಿ ಗೆಳೆಯರಿಗೂ ಕಾಣುವುದಿಲ್ಲ. ಯಂತ್ರ ಹೇಳಿದ ಶೇಕಡಾವಾರು ಅವರಿಗೆ ವಿಜ್ಞಾನ. ನನ್ನ ಮಗಳ 68 ಯಾವ ವಿಜ್ಞಾನ?

ವಾರದ ಮಧ್ಯೆ ಭಾನುವಾರ ಮಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋದೆ. ನಮಗದು ಪಕ್ಕದ ಊರು, ಸಂತೆಗೆ ಹೋದಂತೆ ಹೋಗುತ್ತೇವೆ, ಏನನ್ನೂ ನೋಡುವುದಿಲ್ಲ. ಆ ದಿನ ಟಿಪ್ಪುವಿನ ಶವ ಸಿಕ್ಕಿತೆಂದು ಕಲ್ಲು ನೆಟ್ಟಿರುವ ಜಾಗದಲ್ಲಿ ಬಹಳ ಹೊತ್ತು ಕೂತೆವು. ಅಲ್ಲಿ ನನಗೆ ಹೊಳೆದದ್ದನ್ನು ಹೇಳುತ್ತೇನೆ.

1799ರ ಮೇ 4ರ ಬೆಳಿಗ್ಗೆ ಜ್ಯೋತಿಷಿಗಳು ಸುಲ್ತಾನನಿಗೆ ಈ ದಿನ ಒಳ್ಳೆಯದಲ್ಲ ಎಂದಿದ್ದರಂತೆ. ಆತ ಆನೆ, ಎಳ್ಳು, ಎಮ್ಮೆ, ಹಣ ದಾನ ಕೊಟ್ಟನೆಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ. ಭವಿಷ್ಯ ನಿಜವಾಯಿತಲ್ಲ ಎನ್ನುವವರಿದ್ದಾರೆ. ಕೋಟೆಯ ಗೋಡೆ ಅಷ್ಟರಲ್ಲಿ ಫಿರಂಗಿಗೆ ಬಿರುಕು ಬಿಟ್ಟಿತ್ತು, ಶತ್ರುಸೈನ್ಯ ಹೊಳೆಯ ಆಚೆ ನಿಂತಿತ್ತು. ಆ ದಿನ ಕೆಟ್ಟದ್ದೆಂದು ಹೇಳಲು ಗ್ರಹ ಬೇಕಿರಲಿಲ್ಲ. ದಾನದಿಂದ ಗೋಡೆ ಕೂಡಲೂ ಇಲ್ಲ.

ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಟಿಪ್ಪು ತಾನು ಕಂಡ ಕನಸುಗಳನ್ನು ಫಾರ್ಸಿಯಲ್ಲಿ ತನ್ನ ಕೈಯಾರೆ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮೂವತ್ತೇಳು ಕನಸುಗಳಿವೆ. ಬರೆಯುವಾಗ, ಓದುವಾಗ ಯಾರಾದರೂ ಹತ್ತಿರ ಬಂದರೆ ಅದನ್ನು ಮರೆಮಾಡುತ್ತಿದ್ದನೆಂದು ಆತನ ಮುನ್ಷಿಯೇ ಹೇಳಿದ್ದಾಗಿ ದಾಖಲೆಯಿದೆ. ಕೋಟೆ ಬಿದ್ದ ಮೇಲೆ ಆ ಪುಸ್ತಕ ಕರ್ನಲ್ ಕಿರ್ಕ್‌ಪ್ಯಾಟ್ರಿಕ್‌ನ ಕೈಗೆ ಸಿಕ್ಕಿತು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದ ಆತನ ಗ್ರಂಥಾಲಯವೂ ಹೋಯಿತು. 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಎಂಬವನು ಅದರ ಪಟ್ಟಿ ಮಾಡಿ ಪ್ರಕಟಿಸಿದ. ಒಬ್ಬ ರಾಜನ ಕನಸನ್ನೂ ಓದನ್ನೂ ಕೈವಶ ಮಾಡಿಕೊಳ್ಳಲು ಅಂದಿನ ಕಂಪನಿ ಯುದ್ಧ ಮಾಡಬೇಕಾಯಿತು. ಇಂದಿನ ಕಂಪನಿಗಳಿಗೆ ಫಿರಂಗಿ ಬೇಡ. ನಾವೇ "ಒಪ್ಪಿದ್ದೇನೆ" ಎಂಬ ಗುಂಡಿ ಒತ್ತಿ ಬಾಗಿಲು ತೆಗೆದುಕೊಡುತ್ತೇವೆ. ಟಿಪ್ಪುವಿನ ಹೆಸರಿನಲ್ಲಿ ಜಗಳಕ್ಕೆ ನಿಲ್ಲುವ ಎರಡೂ ಕಡೆಯವರು ಆ ಜಗಳವನ್ನು ಆಡುವುದೂ ಆ ಫೋನಿನಲ್ಲೇ.

ಓದೂ ಈಗ ನಮ್ಮದಾಗಿ ಉಳಿದಿಲ್ಲ. 2009ರ ಜುಲೈನಲ್ಲಿ ಅಮೆಜಾನ್ ಕಂಪನಿ ತಾನು ಮಾರಿದ್ದ ಜಾರ್ಜ್ ಆರ್ವೆಲ್‌ನ '1984' ಕಾದಂಬರಿಯ ಒಂದು ಆವೃತ್ತಿಯನ್ನು, ಹಕ್ಕಿನ ತಕರಾರು ಬಂತೆಂದು, ಕೊಂಡವರ ಕಿಂಡಲ್‌ಗಳಿಂದ ಹೇಳದೆ ಕೇಳದೆ ಅಳಿಸಿಹಾಕಿತು. ಆಮೇಲೆ ಕ್ಷಮೆ ಕೇಳಿತು, ಅದು ಬೇರೆ ಮಾತು. ನನ್ನ ಕಪಾಟಿನಿಂದ ಪುಸ್ತಕ ಒಯ್ಯಬೇಕಾದರೆ ಕಳ್ಳನಾದರೂ ಮನೆಗೆ ಬರಬೇಕು. ಆ ವಾರ ನಾನು ಎರಡು ಕನ್ನಡ ಕಾದಂಬರಿ, ಉರ್ದು ಕಥೆಗಳ ಒಂದು ಹಳೆಯ ಸಂಕಲನ ಓದಿ ಮುಗಿಸಿದೆ. ಯಾವ ಪುಟದಲ್ಲಿ ಅತ್ತೆ, ಯಾವ ಪುಟವನ್ನು ಹಾರಿಸಿದೆ ಎಂಬುದು ನನಗೊಬ್ಬಳಿಗೇ ಗೊತ್ತು.

"ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ?" ಎಂದು ನಮ್ಮ ಮನೆಯವರು ಕೇಳಿದರು. ಎಲ್ಲ ಗಂಡಸರೂ ಕೇಳುವುದು ಇದನ್ನೇ. ಹೆಣ್ಣುಮಗಳ ತಲೆಯ ಮೇಲಿನ ಬಟ್ಟೆ ಎಷ್ಟು ಸರಿದಿದೆ ಎಂದು ಅಳೆಯುವ ಸಮಾಜ, ಅವಳ ಫೋಟೋ, ನಂಬರು, ಹುಟ್ಟಿದ ಗಳಿಗೆಯನ್ನು ಬೀದಿಗೆ ಬಿಟ್ಟು ಮುಚ್ಚಿಡುವುದೇನಿದೆ ಎನ್ನುತ್ತದೆ! 2021ರ ಜುಲೈನಲ್ಲಿ ಒಮ್ಮೆ, 2022ರ ಜನವರಿ 1ರಂದು ಮತ್ತೊಮ್ಮೆ, ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು ಕದ್ದು ಆಪ್ ಒಂದರಲ್ಲಿ ಹರಾಜಿಗಿಟ್ಟರಲ್ಲ, ಅವರೇನು ತಪ್ಪು ಮಾಡಿದ್ದರು? ಅವರಲ್ಲಿ ಮುಚ್ಚಿಡುವಂಥದ್ದೇನಿತ್ತು? ಅವರದೆಂಬುದು ಅವರ ಕೈಯಲ್ಲಿರಬೇಕಿತ್ತು, ಅಷ್ಟೇ.

ಈ ಮಾತನ್ನು ದೇಶಕ್ಕೆ ಹೇಳಿಸಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಪ್ರಶ್ನಿಸಿ 2012ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. 2023ರಲ್ಲಿ ಸಂಸತ್ತು ದತ್ತಾಂಶ ರಕ್ಷಣೆಗೆ ಕಾಯಿದೆಯನ್ನೂ ಮಾಡಿತು. ಆದರೆ ಮನೆಯೊಳಗಿನ ಸ್ವಂತ ಬಳಕೆಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಅಂದರೆ ಮನೆಯೊಳಗೆ ತಾಯಿ ಮಗಳನ್ನು ಕೇಳಬೇಕೆಂದು ಹೇಳಲು ಕಾಯಿದೆ ಬರುವುದಿಲ್ಲ. ಅದನ್ನು ನಾವೇ ಮಾಡಿಕೊಳ್ಳಬೇಕು.

ಫೋನನ್ನು ಕಾವೇರಿಗೆ ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ನಮ್ಮವರ ವೆಲ್ಡಿಂಗ್ ಅಂಗಡಿಯಲ್ಲಿ ಗಿರಾಕಿಗಳು ದುಡ್ಡು ಕೊಡುವುದೇ ಕ್ಯೂಆರ್ ಚೀಟಿ ತೋರಿಸಿದರೆ. ವಾರ ಪೂರ್ತಿ ಅದಿಲ್ಲದೆ ಇರಲು ನನಗೆ ಸಾಧ್ಯವಾದದ್ದು ಅವರ ಫೋನು ನಡೆಯುತ್ತಿದ್ದುದರಿಂದ. ಸ್ವಾತಂತ್ರ್ಯ ಎಂದರೆ ಉಪವಾಸವಲ್ಲ. ಯಾವುದು ನನ್ನದು, ಯಾವುದನ್ನು ಯಾರಿಗೆ ಎಷ್ಟು ಕೊಡಬೇಕು ಎಂದು ನಾನು ತೀರ್ಮಾನಿಸುವುದು.

ಜುಮ್ಮಾ ದಿನ ಫೋನನ್ನು ಹೊರಗೆ ತೆಗೆದೆ. ಮಗಳು ಪಕ್ಕದಲ್ಲಿ ಕೂತು ಒಂದೊಂದೇ ಆಪ್ ತೆರೆದು, ಸಂಪರ್ಕದ ಪಟ್ಟಿ, ಫೋಟೋ, ಇರುವ ಜಾಗ ಎಲ್ಲವನ್ನೂ ನೋಡಲು ನಾನು ಕೊಟ್ಟಿದ್ದ ಅನುಮತಿಗಳನ್ನು ಕಿತ್ತುಹಾಕಿದಳು. ಟಾರ್ಚಿನ ಆಪಿಗೆ ನನ್ನ ಬಂಧುಗಳ ನಂಬರು ಯಾಕೆ ಬೇಕಿತ್ತೋ! ಉಳಿದಿರುವ ಕಥೆಗಳನ್ನು ಯೂನಿಕೋಡಿನಲ್ಲಿ ಟೈಪು ಮಾಡಿ, ನಮ್ಮದೇ ಡಿಸ್ಕಿನಲ್ಲಿ ಒಂದು ಪ್ರತಿ, ತಂಗಿಯ ಮನೆಯಲ್ಲಿ ಒಂದು ಪ್ರತಿ, ಕಾಗದದ ಮೇಲೆ ಒಂದು ಪ್ರತಿ ಎಂದು ಗೊತ್ತು ಮಾಡಿದೆವು. ನಂಬರುಗಳನ್ನು ಹಳೆಯ ಕಾಲದ ಹಾಗೆ ಒಂದು ಪುಸ್ತಕದಲ್ಲಿ ಬರೆದೆವು. ಅತ್ತೆಯವರ ಹುಟ್ಟಿದ ದಿನವನ್ನು ಯಾವುದಾದರೂ ಆಪ್ ಕೇಳಿದರೆ ಏನು ಹೇಳುವುದು ಎಂದು ಮಗಳು ನಕ್ಕಳು. ಗಾಂಧೀಜಿ ತೀರಿಕೊಂಡ ವರ್ಷ ಎಂದು ಹೇಳು, ಅದು ಲೆಕ್ಕ ಹಾಕಿಕೊಳ್ಳಲಿ ಎಂದೆ.

ಆಸ್ಪತ್ರೆಯ ಆ ಚೀಟಿಯನ್ನು ಟ್ರಂಕಿನಿಂದ ತೆಗೆದು ಅವಳ ಕೈಗೇ ಕೊಟ್ಟಿದ್ದೇನೆ. ಕೊಟ್ಟುಬಿಟ್ಟದ್ದನ್ನು ವಾಪಸು ತರಲಾರೆ ಎಂಬುದು ಅವಳಿಗೂ ಗೊತ್ತು, ಕರೆಗಳು ಇನ್ನೂ ನಿಂತಿಲ್ಲ.

ಮೊನ್ನೆ ಹುಡುಗನ ಫೂಫಿ ಮತ್ತೆ ಫೋನು ಮಾಡಿದರು, ಮನೆಯವರೆಲ್ಲ ಬಂದು ನೋಡಬಹುದೇ ಎಂದು. ಮಗಳನ್ನು ಕೇಳಿ ಹೇಳುತ್ತೇನೆ ಎಂದೆ.