ದೀಪ ಆರಿಸುವವರು ಒಬ್ಬರು, ಗೀಜರ್ ತರುವವರು ಇನ್ನೊಬ್ಬರು

ಜತ್ತ, ಅಕ್ಕಲಕೋಟ ಭಾಗದ ಕನ್ನಡ ಮನೆಗಳಲ್ಲಿ ಸಂಜೆಯಾದರೆ ಒಂದು ಮಾತು ತಪ್ಪದೆ ಕೇಳಿಸುತ್ತದೆ: ‘ಖೋಲಿಯೊಳಗ ಯಾರೂ ಇಲ್ಲ, ಫ್ಯಾನ್ ಬಂದ್ ಮಾಡ್ರಿ.’ ಹೇಳುವವರು ಹೆಚ್ಚಾಗಿ ತಾಯಿ ಇಲ್ಲವೆ ಅಜ್ಜಿ. ಬೇಳೆ ನೆನೆಹಾಕಿ ಕುಕ್ಕರಿಗಿಡುವುದು, ಪಾತ್ರೆಗೆ ಮುಚ್ಚಳ ಹಾಕಿ ಗ್ಯಾಸ್ ಉಳಿಸುವುದು ಕೂಡ ಅವರದೇ ರೂಢಿ.

ಆದರೆ ಫ್ಯಾನ್, ಗೀಜರ್, ಫ್ರಿಜ್ ಕೊಳ್ಳಲು ಪೇಟೆಗೆ ಹೋಗುವವರು ಬಹುತೇಕ ಗಂಡಸರು. ಬೆಲೆ ಕೇಳುತ್ತಾರೆ, 2006ರಲ್ಲಿ ಶುರುವಾದ ಸ್ಟಾರ್ ಗುರುತು ನೋಡುವುದು ಕಡಿಮೆ. ಲೆಕ್ಕ ಸರಳ. 9 ವ್ಯಾಟಿನ ಎಲ್‌ಇಡಿ ಬಲ್ಬನ್ನು 111 ತಾಸು ಆರಿಸಿಟ್ಟರೆ ಉಳಿಯುವುದು 1 ಯುನಿಟ್. 2000 ವ್ಯಾಟಿನ ಗೀಜರ್ ಅಷ್ಟನ್ನು ಅರ್ಧ ತಾಸಿನಲ್ಲಿ ನುಂಗುತ್ತದೆ. ಹಳೆ ಫ್ಯಾನ್ 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ದಿನಕ್ಕೆ 10 ತಾಸು ತಿರುಗಿದರೂ ತಿಂಗಳಿಗೆ ಹದಿಮೂರೂವರೆ ಯುನಿಟ್ ಉಳಿತಾಯ.

ಬಿಲ್ ಬರುವುದು ಹೆಚ್ಚಾಗಿ ಯಜಮಾನನ ಹೆಸರಿಗೆ, ಅದೂ ಮರಾಠಿಯಲ್ಲಿ. ಕನ್ನಡ ಶಾಲೆ ಕಲಿತ ಎಷ್ಟೋ ತಾಯಂದಿರಿಗೆ ತಿಳಿಯುವುದು ಕೊನೆಯ ಮೊತ್ತ ಮಾತ್ರ. 100 ಯುನಿಟ್ ದಾಟಿದ ಮೇಲೆ ದರ ಏರುತ್ತದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಬಿಲ್ ಜಾಸ್ತಿ ಬಂದರೆ ಬೈಗಳು ಮಾತ್ರ ಅವರ ಪಾಲಿಗೆ!

ಮರಾಠಿ ಬಲ್ಲ ಮಕ್ಕಳು ಪ್ರತಿ ತಿಂಗಳು ಬಿಲ್ ಓದಿ, ಎಷ್ಟು ಯುನಿಟ್ ಸುಟ್ಟಿತೆಂದು ತಾಯಿಗೆ ಕನ್ನಡದಲ್ಲಿ ಹೇಳಲಿ. ಸಾಮಾನು ಕೊಳ್ಳುವಾಗ ಮನೆಯಾಕೆಯ ಮಾತೂ ನಡೆಯಲಿ. ಇನ್ನು ಸ್ವಿಚ್ ಒತ್ತಲು ಗಂಡಸರ ಕೈಯೇನೂ ಸವೆಯುವುದಿಲ್ಲ.